ಲಿನೆಟ್ ತಪ್ಪೊಪ್ಪಿಕೊಂಡ ದಿನ

ಹೋರೆಸ್ ಪ್ರೇದರ್ ಮೇಷ್ಟ್ರು ಪೊಲೀಸರಿಗೆ ಹೆದರಿದವರಲ್ಲ. ಹೆದರಬೇಕಾದ ಕಾರಣವಿದೆ ಎಂದು ಅವರಿಗೆ ಯಾವತ್ತೂ ಅನಿಸಿರಲಿಲ್ಲ. ಕಿನ್‌ಲೋ ಕೌಂಟಿಯ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸಿ ನಿವೃತ್ತರಾದವರು ಅವರು. ಷೆರೀಫನ ಕಚೇರಿಯ, ಅಂದರೆ ಅಲ್ಲಿನ ಪೊಲೀಸ್ ಠಾಣೆಯ, ಅರ್ಧ ಜನ ಅವರ ಹತ್ತಿರ ಪಾಠ ಹೇಳಿಸಿಕೊಂಡವರೇ. ಹೀಗಾಗಿ ಮಗಳನ್ನು ಜೈಲಿಗೆ ಹಾಕಿದ್ದಾರೆಂದು ಫೋನ್ ಬಂದಾಗ ಅವರಿಗೆ ಮೊದಲು ಬಂದದ್ದು ಸಣ್ಣ ನಗು. ಏನೋ ಎಡವಟ್ಟಾಗಿದೆ, ಹೋಗಿ ಹೇಳಿದರೆ ಸರಿಹೋಗುತ್ತದೆ ಎಂದುಕೊಂಡು, ಕುದಿಯುತ್ತಿದ್ದ ಜೋಳದ ಗಂಜಿಯ ಒಲೆ ಆರಿಸಿ, ಟೋಪಿ ಹಾಕಿಕೊಂಡು ಹೊರಟರು.

ಆಗಿದ್ದು ಇಷ್ಟು. ಲಿನೆಟ್ ವಯಸ್ಸಾದವರ ಮನೆಗಳಿಗೆ ಹೋಗಿ ಸ್ನಾನ ಮಾಡಿಸಿ, ಉಣ್ಣಿಸಿ, ಮಾತ್ರೆ ಕೊಟ್ಟು ಬರುವ ಕೆಲಸದವಳು. ಅವತ್ತು ಕೆಲಸ ಮುಗಿಸಿ ಬರುವಾಗ ಜೊತೆಯಲ್ಲಿ ಕೆಲಸ ಮಾಡುವ ಡೀನಾಳನ್ನು ಕಾರಿಗೆ ಹತ್ತಿಸಿಕೊಂಡಿದ್ದಳು. ಹಿಂದಿನ ದೀಪ ಉರಿಯುತ್ತಿಲ್ಲವೆಂದು ಪೊಲೀಸರು ಕಾರು ನಿಲ್ಲಿಸಿದರು. ಸೀಟಿನ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಅದರ ತುಂಬ ನೋವಿನ ಮಾತ್ರೆಗಳು, ಬೀದಿಯಲ್ಲಿ ಕದ್ದು ಮಾರುವಂಥವು. ನನ್ನದಲ್ಲ ಎಂದಳು ಡೀನಾ. ನನ್ನದೂ ಅಲ್ಲ ಎಂದಳು ಲಿನೆಟ್. ಕಾರು ಲಿನೆಟ್‌ಳದಾಗಿತ್ತು.

ಜೈಲಿನ ಮುಂಬಾಗಿಲ ಮೇಜಿನ ಹಿಂದೆ ಕೂತಿದ್ದ ಪೇದೆ ಮೇಷ್ಟ್ರನ್ನು ಕಂಡು ಎದ್ದು ನಿಂತ. ಅವನಿಗೂ ಅವರೇ ಕಲಿಸಿದ್ದು.

"ಮೇಷ್ಟ್ರೇ, ನನ್ನ ಕೈಲಿ ಏನೂ ಇಲ್ಲ. ಒಳಗೆ ಕೂತ್ಕೊಳ್ಳಿ, ಕರಕೊಂಡು ಬರ್ತಾರೆ."

"ಎಷ್ಟೊತ್ತಿಗೆ ಬಿಡ್ತೀರಪ್ಪ?"

ಅವನು ನೆಲ ನೋಡಿದ. "ಬಿಡೋದಾ?" ಎಂದ.

ಗಾಜಿನ ಆಚೆಗೆ ಮಗಳು ಬಂದು ಕೂತಳು. ಏಳು ತಿಂಗಳ ಬಸುರಿ. ಜೈಲಿನವರು ಕೊಟ್ಟ ಕಿತ್ತಳೆ ಬಣ್ಣದ ಅಂಗಿ ಹೊಟ್ಟೆಯ ಹತ್ತಿರ ಬಿಗಿದು, ಹೆಗಲ ಹತ್ತಿರ ಜೋತು ಬಿದ್ದಿತ್ತು. ಗೋಡೆಯ ಫೋನೆತ್ತಿ ಕಿವಿಗಿಟ್ಟುಕೊಂಡಳು.

"ಡ್ಯಾಡಿ, ಕಾಲು ಊದ್ಕೊಂಡಿದೆ. ಇವರ ಚಪ್ಪಲಿಗೆ ಹಿಡಿಸ್ತಾನೇ ಇಲ್ಲ."

"ಇನ್ನೇನು, ನಾಳೆಯೋ ನಾಡಿದ್ದೋ ಬಂದುಬಿಡ್ತೀಯ. ಧೈರ್ಯವಾಗಿರು. ಅವರು ನಿನ್ನ ತಪ್ಪು ತೋರಿಸ್ಬೇಕು, ನೀನು ಏನೂ ತೋರಿಸ್ಬೇಕಾಗಿಲ್ಲ. ಜ್ಯೂರಿ ಅಂತ ಹನ್ನೆರಡು ಜನ ಕೂತ್ಕೋತಾರೆ, ನಮ್ಮೂರಿನೋರೇ. ಆ ಹನ್ನೆರಡು ಜನರಲ್ಲಿ ಒಬ್ಬರಿಗೂ ಅನುಮಾನ ಉಳೀಬಾರದು. ಹಾಗಿದ್ರೆ ಮಾತ್ರ ಶಿಕ್ಷೆ."

"ನಿನ್ನ ಕ್ಲಾಸಲ್ಲಿ ನಾನೂ ಕೂತಿದ್ದೆ ಡ್ಯಾಡಿ," ಎಂದು ಲಿನೆಟ್ ನಕ್ಕಳು. "ನನಗೆ ಬಿ ಗ್ರೇಡ್ ಕೊಟ್ಟಿದ್ದೆ."

ಮೇಷ್ಟ್ರು ಅವತ್ತು ಸಮಾಧಾನದಿಂದಲೇ ಮನೆಗೆ ಬಂದರು. ಆದರೆ ನಾಳೆಯೂ ಬಿಡಲಿಲ್ಲ, ನಾಡಿದ್ದೂ ಬಿಡಲಿಲ್ಲ. ಕೇಳಿದ ಜಾಮೀನು ಅವರ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಹೆಂಡತಿಯ ಕಾಯಿಲೆಯ ಕಾಲಕ್ಕೆ ಮನೆ ಕೈಬಿಟ್ಟು ಅವರು ಬಾಡಿಗೆ ಮನೆಗೆ ಬಂದಿದ್ದರು. ಮಗುವಿನ ತಂದೆ ಟೆಕ್ಸಾಸ್ ಕಡೆ ಹೋದವನು ಮಾತು ನಿಲ್ಲಿಸಿ ಆರು ತಿಂಗಳಾಗಿತ್ತು. ವಿಚಾರಣೆ ಯಾವಾಗ ಎಂದು ಕೇಳಿದರೆ, ಕೋರ್ಟಿನ ಗುಮಾಸ್ತೆ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಮುಂದಿನ ವರ್ಷ ವಸಂತಕ್ಕೆ ಬರಬಹುದು" ಎಂದಳು. ಆಗಿನ್ನೂ ಸೆಪ್ಟೆಂಬರ್, ಅಲ್ಲಿನ ಬೇಸಿಗೆಯ ಸೆಕೆ ಇಳಿದಿರಲಿಲ್ಲ.

ಲಿನೆಟ್‌ಗೆ ಸರಕಾರವೇ ನೇಮಿಸಿದ ವಕೀಲ ಡೆಸ್ಮಂಡ್ ಗ್ರಿಗ್ಸ್. ಅವನೂ ಮೇಷ್ಟ್ರ ಶಿಷ್ಯ. ಬರೀ ಶಿಷ್ಯನಲ್ಲ, ಮುಂದಿನ ಬೆಂಚಿನವನು. ಕ್ಲಾಸಿನ ನಾಟಕದ ಕೋರ್ಟಿನಲ್ಲಿ ಎರಡು ವರ್ಷ ವಕೀಲನ ಪಾತ್ರ ಮಾಡಿದವನು. ವಕೀಲ ಯಾರೆಂದು ಗೊತ್ತಾದಾಗ ಮೇಷ್ಟ್ರಿಗೆ ಹೋದ ಜೀವ ಬಂದಂತಾಗಿತ್ತು. ಕೋರ್ಟಿನ ಹಜಾರದಲ್ಲಿ ಅವನನ್ನು ಹಿಡಿದು ನಿಲ್ಲಿಸಿದರು. ಅವನ ಕಂಕುಳಲ್ಲಿ ಫೈಲುಗಳ ಕಟ್ಟು. ಕೊನೆಯ ಗುಂಡಿ ಹಾಕಲು ಮರೆತ ಕೋಟು.

"ಮೇಷ್ಟ್ರೇ, ಒಳ್ಳೆ ಸುದ್ದಿ ಇದೆ," ಎಂದ ಡೆಸ್ಮಂಡ್. "ನಮ್ಮೆದುರು ಕೇಸು ನಡೆಸೋ ಸರಕಾರಿ ವಕೀಲೆ ಇಳಿದು ಬಂದಿದಾರೆ. ಮಾತ್ರೆ ಇಟ್ಕೊಂಡಿದ್ದೆ ಅಂತ ಒಪ್ಕೊಂಡ್ರೆ ಸಾಕು. ಮಾರಾಟದ ಆರೋಪ ಕೈಬಿಡ್ತಾರೆ. ಅವತ್ತೇ ಮನೆಗೆ. ಐದು ವರ್ಷ ಕೋರ್ಟಿನ ನಿಗಾದಲ್ಲಿ ಇರಬೇಕು, ಅಷ್ಟೇ."

ಮೇಷ್ಟ್ರಿಗೆ ಮಾತು ಅರ್ಥವಾಗಲಿಲ್ಲ. "ಮಾಡದೇ ಇರೋದನ್ನ ಒಪ್ಕೊಳ್ಳೋದಾ?"

"ವಿಚಾರಣೆಗೆ ಹೋದ್ರೆ ಮಾರಾಟದ ಆರೋಪ ಹಾಗೇ ಉಳಿಯುತ್ತೆ. ಅಷ್ಟು ತೂಕದ ಮಾತ್ರೆಗೆ ಕಾನೂನಲ್ಲಿ ಕನಿಷ್ಠ ಹತ್ತು ವರ್ಷ. ಜಡ್ಜು ಅಯ್ಯೋ ಪಾಪ ಅಂದ್ರೂ ಕಮ್ಮಿ ಮಾಡೋ ಹಾಗಿಲ್ಲ. ಡೀನಾ ಆಗಲೇ ಅವರ ಕಡೆ ಹೋಗಿದಾಳೆ. ಚೀಲ ಲಿನೆಟ್‌ದೇ, ನಾನು ಕಣ್ಣಾರೆ ನೋಡಿದೆ ಅಂತ ಸಾಕ್ಷಿ ಹೇಳ್ತಾಳೆ. ಅದಕ್ಕೇ ಅವಳ ಕೇಸು ಬಿಟ್ಟಿದಾರೆ."

"ಆ ಹುಡುಗಿ ಸುಳ್ಳು ಹೇಳ್ತಾಳೆ ಅಂತ ಜ್ಯೂರಿಗೆ ಗೊತ್ತಾಗಲ್ವಾ? ನೀನು ಪ್ರಶ್ನೆ ಕೇಳಲ್ವಾ?"

"ಕೇಳ್ತೀನಿ. ಗೆದ್ದರೂ ಗೆಲ್ಲಬಹುದು, ಸೋತರೂ ಸೋಲಬಹುದು. ಗೆದ್ರೂ ಅದು ಮುಂದಿನ ವರ್ಷ. ಮಗು ಮಾತ್ರ ನವೆಂಬರಲ್ಲಿ ಬರುತ್ತೆ ಮೇಷ್ಟ್ರೇ."

"ಮಾಡಿಲ್ಲ ಅಂತಾನೂ ಹೇಳಿ, ಶಿಕ್ಷೆಗೂ ತಲೆ ಒಡ್ಡೋ ದಾರಿ ಒಂದಿತ್ತಲ್ಲ?"

"ಇದೆ. ಸರಕಾರಿ ವಕೀಲೆ ಅದಕ್ಕೆ ಒಪ್ಪಲ್ಲ. ಮಾಡಿದೆ ಅಂತ ಬಾಯಿಬಿಟ್ಟು ಹೇಳ್ಬೇಕಂತೆ."

ಮೇಷ್ಟ್ರು ಗೋಡೆಗೆ ಒರಗಿದರು. "ನಿನ್ನ ಕೈಲಿರೋ ಕೇಸುಗಳಲ್ಲಿ ಈ ವರ್ಷ ಎಷ್ಟು ಜ್ಯೂರಿ ಮುಂದೆ ಹೋಗಿವೆ ಡೆಸ್ಮಂಡ್?"

ಡೆಸ್ಮಂಡ್ ನಗಲು ಹೋಗಿ ನಿಲ್ಲಿಸಿದ. "ಒಂದು. ಅದ್ರಲ್ಲಿ ಸೋತೆ. ಮಿಕ್ಕಿದ್ದೆಲ್ಲ ಹಿಂಗೇ ಹಜಾರದಲ್ಲೇ ಮುಗಿಯೋದು."

"ನಾನು ನಿಮಗೆಲ್ಲ ಏನು ಹೇಳಿಕೊಟ್ಟೆ ಹಾಗಾದ್ರೆ?"

"ನೀವು ಸುಳ್ಳು ಹೇಳಿಕೊಡಲಿಲ್ಲ ಮೇಷ್ಟ್ರೇ. ಆ ಹಕ್ಕೆಲ್ಲ ಇದೆ. ಇವತ್ತಿಗೂ ಇದೆ," ಎಂದು ಡೆಸ್ಮಂಡ್ ಗಡಿಯಾರ ನೋಡಿಕೊಂಡ. ಒಳಗಿನಿಂದ ಅವನ ಹೆಸರು ಕೂಗಿದರು.

ಮೇಷ್ಟ್ರು ಅಲ್ಲಿಂದ ನೇರವಾಗಿ ಜೈಲಿಗೆ ಹೋದರು. ಮಗಳಿಗೆ ಬುದ್ಧಿ ಹೇಳಬೇಕು, ಹೆದರಬೇಡ ಎನ್ನಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು. ಲಿನೆಟ್ ಅವರಿಗೆ ಬಾಯಿ ತೆರೆಯಲು ಬಿಡಲಿಲ್ಲ.

"ನನ್ನ ಪಕ್ಕದ ಹಾಸಿಗೇಲಿ ಒಬ್ಬಳಿದಾಳೆ ಡ್ಯಾಡಿ. ಹೋದ ತಿಂಗಳು ಹೆತ್ತಳು. ಆಸ್ಪತ್ರೇಲಿ ಅವಳ ಕಾಲನ್ನ ಮಂಚಕ್ಕೆ ಬೇಡಿ ಹಾಕಿ ಕಟ್ಟಿದ್ರಂತೆ. ಎರಡು ದಿನಕ್ಕೆ ಮಗೂನ ಯಾರೋ ಬಂದು ತಗೊಂಡು ಹೋದ್ರು. ಎಲ್ಲಿದೆ ಅಂತ ಅವಳಿಗೆ ಇನ್ನೂ ಗೊತ್ತಿಲ್ಲ. ದಿನಾ ಸಿಂಕಿನ ಹತ್ತಿರ ನಿಂತು ಹಾಲು ಹಿಂಡಿ ಚೆಲ್ತಾಳೆ."

ಮೇಷ್ಟ್ರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಡೆಸ್ಮಂಡ್ ಬಂದು ಎಲ್ಲ ಹೇಳಿದಾನೆ. ನಾನು ಒಪ್ಕೋತೀನಿ," ಎಂದಳು ಲಿನೆಟ್. "ನೀನು ಬರೋದಿದ್ರೆ ಬಾ. ಆದ್ರೆ ಸುಮ್ನೆ ಕೂತಿರಬೇಕು."

ಅವರು ಆಗಲಿ ಎಂದು ತಲೆಯಾಡಿಸಿದರು.

ಸೋಮವಾರ ಕೋರ್ಟಿನಲ್ಲಿ ಜನ ತುಂಬಿದ್ದರು. ಎಲ್ಲರೂ ಇಂಥ ಕೆಲಸಕ್ಕೇ ಬಂದವರು. ಹೆಸರು ಕೂಗುತ್ತಿದ್ದಂತೆ ಒಬ್ಬೊಬ್ಬರೇ ಎದ್ದು ಹೋಗಿ, ತಪ್ಪು ಒಪ್ಪಿಕೊಂಡು, ಪಕ್ಕದ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದರು. ಗೋಡೆಯ ಬದಿಗೆ ಹನ್ನೆರಡು ಕುರ್ಚಿಗಳ ಜ್ಯೂರಿಕಟ್ಟೆ ಖಾಲಿ ಬಿದ್ದಿತ್ತು. ಯಾರೋ ವಕೀಲರು ಅದರ ಮೇಲೆ ಕೋಟುಗಳನ್ನು ಒಟ್ಟಿದ್ದರು. ಮೇಷ್ಟ್ರು ತಮ್ಮ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಕರೆದುಕೊಂಡು ಬಂದು ಆ ಕುರ್ಚಿಗಳಲ್ಲಿ ಕೂರಿಸುತ್ತಿದ್ದರು.

ಲಿನೆಟ್ ಬಂದಳು. ಬಲಗೈ ಎತ್ತಿ, ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದಳು. ನ್ಯಾಯಾಧೀಶೆ ಹ್ಯಾಡ್ಲಿ ಅರವತ್ತು ದಾಟಿದ, ಮೆತ್ತನೆ ದನಿಯ ಹೆಂಗಸು. ಕನ್ನಡಕ ಏರಿಸಿಕೊಂಡು ಕೇಳುತ್ತಾ ಹೋದರು.

"ಜ್ಯೂರಿ ಮುಂದೆ ವಿಚಾರಣೆ ಆಗಲಿ ಅನ್ನೋ ಹಕ್ಕು ನಿಮಗಿದೆ. ಅದನ್ನ ಬಿಟ್ಟುಕೊಡ್ತಾ ಇದೀರಿ. ಗೊತ್ತಾ?"

"ಗೊತ್ತು ಮ್ಯಾಮ್."

"ನಿಮ್ಮ ವಿರುದ್ಧ ಸಾಕ್ಷಿ ಹೇಳೋರನ್ನ ಎದುರಿಗೆ ನಿಲ್ಲಿಸಿ ಪ್ರಶ್ನೆ ಕೇಳೋ ಹಕ್ಕಿದೆ. ಅದನ್ನೂ ಬಿಡ್ತಾ ಇದೀರಿ."

"ಹೌದು ಮ್ಯಾಮ್."

"ನಿಮ್ಮ ಬಾಯಿಂದ ನಿಮ್ಮ ವಿರುದ್ಧ ಏನೂ ಹೇಳದೆ ಇರೋ ಹಕ್ಕಿದೆ."

"ಗೊತ್ತು ಮ್ಯಾಮ್."

ಮೇಷ್ಟ್ರು ಕಪ್ಪುಹಲಗೆಯ ಮೇಲೆ ಜೀವನಪೂರ್ತಿ ಬರೆದ ಮಾತುಗಳು ಇವೇ. ಅದೇ ಕ್ರಮದಲ್ಲಿ ಈಗ ಕೇಳಿಬರುತ್ತಿದ್ದವು. ಮಗಳು ಪ್ರತಿಯೊಂದಕ್ಕೂ ತಲೆಬಾಗಿಸಿ ಅದನ್ನು ಬಿಟ್ಟುಕೊಡುತ್ತಿದ್ದಳು.

"ನಿಮ್ಮನ್ನ ಯಾರಾದ್ರೂ ಹೆದರಿಸಿ, ಬಲವಂತ ಮಾಡಿ ಒಪ್ಪಿಸಿದಾರಾ?"

"ಇಲ್ಲ ಮ್ಯಾಮ್."

"ನಿಜವಾಗ್ಲೂ ಈ ತಪ್ಪು ಮಾಡಿದೀರಿ, ಅದಕ್ಕೇ ಒಪ್ಕೋತಾ ಇದೀರಿ. ಹೌದಾ?"

"ಹೌದು ಮ್ಯಾಮ್."

ಮೇಷ್ಟ್ರಿಗೆ ತಾವು ಎದ್ದು ನಿಂತದ್ದು ಗೊತ್ತಾಗಲಿಲ್ಲ. ಸುತ್ತಲಿನ ತಲೆಗಳೆಲ್ಲ ಕೆಳಗೆ ಕಂಡಾಗಲೇ ಗೊತ್ತಾದದ್ದು. "ಅವಳು ಸುಳ್ಳು ಹೇಳ್ತಾ ಇದಾಳೆ," ಎಂದರು.

ಪೇದೆಯೊಬ್ಬ ಹತ್ತಿರ ಬಂದ. ನ್ಯಾಯಾಧೀಶೆ ಕೈಯೆತ್ತಿ ಅವನನ್ನು ತಡೆದರು.

"ನೀವು ಯಾರು?"

"ತಂದೆ. ಅವಳು ಮಾಡಿಲ್ಲ. ಹೆರಿಗೆ ಜೈಲಲ್ಲಿ ಆಗಬಾರದು ಅಂತ ಹಿಂಗೆ ಹೇಳ್ತಾ ಇದಾಳೆ, ಅಷ್ಟೇ."

ನ್ಯಾಯಾಧೀಶೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಲಿನೆಟ್‌ಳನ್ನು ನೋಡಿದರು. "ನಿಮ್ಮ ತಂದೆ ಹೇಳೋದು ನಿಜ ಆಗಿದ್ರೆ ನಾನು ಇದನ್ನ ಅಂಗೀಕರಿಸೋ ಹಾಗಿಲ್ಲ. ವಿಚಾರಣೆಗೆ ಕಳಿಸ್ತೀನಿ. ಅಲ್ಲೀವರೆಗೂ ನೀವು ಒಳಗೇ ಇರಬೇಕಾಗುತ್ತೆ. ಯೋಚನೆ ಮಾಡಿ ಹೇಳಿ."

ಡೆಸ್ಮಂಡ್ ಕಣ್ಣು ಮುಚ್ಚಿಕೊಂಡು ನಿಂತಿದ್ದ. ಆಗ ಮೇಷ್ಟ್ರಿಗೆ ತಾವೇನು ಮಾಡಿದೆವೆಂದು ಹೊಳೆಯಿತು. ಆ ಕೋಣೆಯಲ್ಲಿ ನಿಜ ಹೇಳಿದ್ದು ತಾವೊಬ್ಬರೇ, ಮಗಳನ್ನು ಮತ್ತೆ ಒಳಗೆ ತಳ್ಳಲಿದ್ದವರೂ ತಾವೇ.

ಲಿನೆಟ್ ಹಿಂತಿರುಗಿ ತಂದೆಯನ್ನು ನೋಡಿದಳು. ಸಿಟ್ಟಿನಿಂದಲ್ಲ. ಮತ್ತೆ ಮುಂದೆ ತಿರುಗಿದಳು.

"ನಮ್ಮ ಡ್ಯಾಡಿ ಒಳ್ಳೆಯವರು ಮ್ಯಾಮ್. ನನ್ನ ಮೇಲೆ ಅವರಿಗೆ ಬಹಳ ನಂಬಿಕೆ. ಅವರಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ." ಅವಳ ದನಿ ಒಡೆಯಿತು. "ಮಾತ್ರೆ ನನ್ನವೇ. ನಾನು ನೋಡ್ಕೊಳ್ತಿದ್ದ ಒಬ್ಬ ಅಜ್ಜಿ ತೀರಿಹೋದ್ರು. ಅವರ ಬಚ್ಚಲಮನೆ ಕಪಾಟಿಂದ ತಗೊಂಡೆ. ಅವರ ಮಗ ಪಕ್ಕದ ರೂಮಲ್ಲಿ ಅಳ್ತಾ ಇದ್ದ. ನನ್ನ ಕೈ ನಡುಗ್ತಾ ಇತ್ತು. ಕಾರಿಗೆ ಬಂದು ಸೀಟಿನ ಕೆಳಗೆ ತಳ್ಳಿದೆ."

ಹೇಳಿ, ಮುಖ ಮುಚ್ಚಿಕೊಂಡು ಅತ್ತಳು. ಕೋರ್ಟಿನ ಹೆಂಗಸೊಬ್ಬಳು ಒರೆಸಿಕೊಳ್ಳಲು ಕಾಗದ ಕೊಟ್ಟಳು. ನ್ಯಾಯಾಧೀಶೆ ಹ್ಯಾಡ್ಲಿ ಕನ್ನಡಕ ಹಾಕಿಕೊಂಡು, "ಸರ್, ಕೂತ್ಕೊಳ್ಳಿ. ನಾನೂ ಒಬ್ಬ ತಾಯಿ," ಎಂದು ಸಹಿ ಹಾಕಿದರು.

ಮಧ್ಯಾಹ್ನದೊಳಗೆ ಲಿನೆಟ್ ತಂದೆಯ ಪಕ್ಕ ಕಾರಿನಲ್ಲಿ ಕೂತಿದ್ದಳು. ದಾರಿಯಲ್ಲಿ ನಿಲ್ಲಿಸಿ ಹುರಿದ ಕೋಳಿ ಕೊಂಡು, ಮೂಳೆ ಬಿಡದಂತೆ ತಿಂದಳು. ಇಬ್ಬರೂ ಕೋರ್ಟಿನ ಮಾತೆತ್ತಲಿಲ್ಲ. ನವೆಂಬರಿನಲ್ಲಿ ಹೆಣ್ಣುಮಗು ಹುಟ್ಟಿತು. ಲಿನೆಟ್ ಕಾಲಿಗೆ ಬೇಡಿಯಿರಲಿಲ್ಲ. ಮಗುವಿಗೆ ಮೇಷ್ಟ್ರ ತೀರಿಹೋದ ಹೆಂಡತಿಯ ಹೆಸರನ್ನೇ ಇಟ್ಟರು, ಒಡೆಲ್ ಎಂದು.

ಮಿಕ್ಕದ್ದೆಲ್ಲ ಆಮೇಲೆ ಒಂದೊಂದಾಗಿ ಬಂತು. ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಅವಳನ್ನು ಇನ್ನು ಯಾರೂ ಇಟ್ಟುಕೊಳ್ಳುವಂತಿರಲಿಲ್ಲ. ಅಲ್ಲಿನ ಕಾನೂನಿನಂತೆ ಓಟಿನ ಹಕ್ಕೂ ಹೋಯಿತು. ಅವಳಿಗೆ ಹದಿನೆಂಟಾದ ದಿನ ಮೇಷ್ಟ್ರೇ ಕೈಹಿಡಿದು ಕರೆದುಕೊಂಡು ಹೋಗಿ ಮತದಾರರ ಪಟ್ಟಿಗೆ ಹೆಸರು ಬರೆಸಿದ್ದರು. ಲಿನೆಟ್ ಕೋಳಿ ಕೊಯ್ಯುವ ಕಾರ್ಖಾನೆಯಲ್ಲಿ ಕೆಲಸ ಹಿಡಿದಳು. ಡೀನಾ ಮಾತ್ರ ಅದೇ ಅಂಗಡಿ, ಅದೇ ಪೆಟ್ರೋಲ್ ಬಂಕಿನಲ್ಲಿ ಎದುರಾಗುತ್ತಿದ್ದಳು, ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

ಮೇಷ್ಟ್ರಿಗೆ ಇವೆಲ್ಲಕ್ಕಿಂತ ಹೆಚ್ಚಾಗಿ ಇನ್ನೊಂದು ವಿಷಯ ಒಳಗೊಳಗೇ ಕೊರೆಯತೊಡಗಿತು. ಅದನ್ನು ತಮಗೆ ತಾವೇ ಹೇಳಿಕೊಳ್ಳಲು ಅವರಿಗೆ ಬಹಳ ದಿನ ಹಿಡಿಯಿತು. ಆ ಬಚ್ಚಲಮನೆಯ ಕಪಾಟು ಅವರ ಕಣ್ಣಿಗೆ ಕಟ್ಟಿತ್ತು. ಪಕ್ಕದ ಕೋಣೆಯಲ್ಲಿ ಅಳುತ್ತಿದ್ದ ಮಗ. ನಡುಗುವ ಕೈ. ಅಷ್ಟು ಜನರ ಮುಂದೆ, ಅಷ್ಟು ಬೇಗ, ಯಾರಿಗಾದರೂ ಅಂಥದ್ದೆಲ್ಲ ಹೇಗೆ ಹೊಳೆದೀತು? ತರಗತಿಯಲ್ಲಿ ಕತೆ ಕಟ್ಟುವ ಮಕ್ಕಳನ್ನು ಅವರು ದಿನವೂ ಕಂಡವರು. ಕಟ್ಟುಕತೆಯಲ್ಲಿ ಅಳುವ ಮಗ ಬರುವುದಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಲಿನೆಟ್ ಅಡುಗೆಮನೆಯ ಸಿಂಕಿನಲ್ಲಿ ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಮೇಷ್ಟ್ರು ಟವೆಲು ಹಿಡಿದು ಪಕ್ಕದಲ್ಲಿ ನಿಂತಿದ್ದರು.

"ಲಿನ್, ಆ ಮಾತ್ರೆ," ಎಂದರು. ಟವೆಲು ಮಡಿಸಿ ಬಿಚ್ಚಿ, "ನಿನ್ನವಾಗಿದ್ವಾ?" ಎಂದರು.

ತಮ್ಮ ಬಾಯಿಂದ ಬಂದ ಮಾತನ್ನು ಕೇಳಿ ತಾವೇ ಬೆಚ್ಚಿದರು. ಲಿನೆಟ್‌ಳ ಕೈ ನೀರಿನಲ್ಲಿ ನಿಂತಿತು. ಅವಳು ತಂದೆಯನ್ನು ನೋಡಿದ ಹಾಗೆ, ಕಾರಿನ ಬಾಗಿಲು ತೆಗೆದ ಪೊಲೀಸರನ್ನೂ ನೋಡಿರಲಾರಳು.

"ಡೆಸ್ಮಂಡ್ ನನ್ನ ಕೇಳ್ಲಿಲ್ಲ," ಎಂದಳು ನಿಧಾನವಾಗಿ. "ಹೇಳೋಕೆ ಹೋದ್ರೆ, ಬೇಡ, ನನಗೆ ಗೊತ್ತಾಗೋದು ಬೇಡ ಅಂದ. ಪೊಲೀಸ್‌ನೋರು ಯಾರಿಗೆ ಮಾರ್ತಿದ್ದೆ ಅಂತ ಕೇಳಿದ್ರು. ಜಡ್ಜಮ್ಮ ಮಾಡಿದೀಯ ತಾನೆ ಅಂದ್ರು. ಮಾಡಿದೀಯೋ ಇಲ್ವೋ ಅಂತ ಬಿಚ್ಚು ಮನಸ್ಸಿಂದ ಕೇಳ್ತಾ ಇರೋದು ನೀನೇ ಮೊದಲು ಡ್ಯಾಡಿ."

"ಲಿನ್..."

"ಅಜ್ಜಿ ತೀರಿಹೋಗಿದ್ದು ನಿಜ. ಅವರ ಮಗ ಅತ್ತಿದ್ದೂ ನಿಜ. ಅವತ್ತು ಕಪಾಟಲ್ಲಿದ್ದ ಮಾತ್ರೇನೆಲ್ಲ ನಾನೇ ತೆಗೆದು ನರ್ಸಮ್ಮನ ಕೈಗೆ ಕೊಟ್ಟೆ. ಕೋರ್ಟಲ್ಲಿ ಏನು ಹೇಳ್ಲಿ ಅಂತ ಹುಡುಕಿದಾಗ ಅದೇ ಕೈಗೆ ಸಿಕ್ತು." ಮಗು ನೀರು ಬಡಿಯಿತು. ಅವಳ ಮುಖಕ್ಕೆ ಸಿಡಿಯಿತು, ಒರೆಸಿಕೊಳ್ಳಲಿಲ್ಲ. "ಸೀಟಿನ ಕೆಳಗಿದ್ದ ಚೀಲ ನನ್ನದಲ್ಲ."

"ಗೊತ್ತು ಮಗಳೆ."

"ಇಲ್ಲ. ಗೊತ್ತಿದ್ರೆ ಕೇಳ್ತಿರಲಿಲ್ಲ."

ಅವಳು ಮಗುವನ್ನು ನೀರಿನಿಂದೆತ್ತಿ ತಂದೆಯ ಕೈಯಲ್ಲಿದ್ದ ಟವೆಲಿನ ಮೇಲಿಟ್ಟಳು. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಹಿಂಬಾಗಿಲು ತೆಗೆದು ಅಂಗಳಕ್ಕೆ ಹೋದಳು. ಮೇಷ್ಟ್ರು ಮಗುವಿನ ತಲೆ ಒರೆಸುತ್ತಾ ಅಲ್ಲೇ ನಿಂತರು. ಕಿಟಕಿಯಿಂದ ಮಗಳ ಬೆನ್ನು ಕಾಣುತ್ತಿತ್ತು. ಹೊರಗೆ ಹೋಗಿ ಏನಾದರೂ ಹೇಳಬೇಕೆನಿಸಿತು. ಹೋಗದೆ, ಒಣಗಿದ ತಲೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.