ಮೂರನೇ ಸೀಸೆ

ಗ್ರಾಹಕರನ್ನು ಒಂದು ಕೋಣೆಯಲ್ಲಿ ಕೂರಿಸಿ, ಬಾಯಿ ಬಿಡಿಸಿ, ಅವರು ಹೇಳಿದ್ದನ್ನು ಕಂಪನಿಗಳಿಗೆ ವರದಿ ಮಾಡಿಕೊಡುವುದು ಅವಳ ಕಸುಬು. ಯಾರು ಏನೇ ಹೇಳಲಿ, ತಲೆದೂಗಿ “ಆಮೇಲೆ?” ಎನ್ನುವಳು. ಹಾಗಾಗಿ ಆಫೀಸಿನಲ್ಲಿ ಅವಳಿಗೆ ಆಮೇಲಕ್ಕ ಎಂದೇ ಹೆಸರು ಬಿದ್ದಿತ್ತು.

ಅಂದು ಮಧ್ಯಾಹ್ನ ಬಟ್ಟೆ ಒಗೆಯುವ ದ್ರಾವಣದ ಪರಿಮಳ ಪರೀಕ್ಷೆ. ಮೇಜಿನ ಸುತ್ತ ಆರು ಹೆಂಗಸರು. ಗೋಡೆಯ ಒಮ್ಮುಖ ಕನ್ನಡಿಯ ಹಿಂದೆ, ಒಳಗಿನವರ ಕಣ್ಣಿಗೆ ಬೀಳದಂತೆ, ಕಂಪನಿಯ ಮ್ಯಾನೇಜರ್. ಆರೂ ಜನ ಒಬ್ಬರಿಗೊಬ್ಬರು ಗುರುತಿಲ್ಲದವರೇ ಆಗಿರಬೇಕೆಂದು ಅವಳೇ ಫೋನಿನಲ್ಲಿ ಕೆದಕಿ ಕೆದಕಿ ಕೇಳಿ ಆರಿಸಿದ್ದಳು. ಇದ್ದ ಮೂರು ಸೀಸೆಗಳಲ್ಲಿ ಮೂರನೆಯದು ಬರೀ ನೀರು. ಮೂಗನ್ನು ನಂಬುವವರು ಯಾರು, ದಾಕ್ಷಿಣ್ಯಕ್ಕೆ ಹೂಂಗುಟ್ಟುವವರು ಯಾರು ಎಂಬುದು ಅದರಿಂದ ಬಯಲಾಗುತ್ತಿತ್ತು.

ಮೊದಲೆರಡು ಸೀಸೆ ನಗುನಗುತ್ತಲೇ ಮುಗಿದವು. ಮೂರನೆಯದನ್ನು ಕೊಟ್ಟು, “ಕಣ್ಣು ಮುಚ್ಚಿ ಮೂಸಿ. ಯಾವ ಜಾಗ ನೆನಪಾಗುತ್ತೆ ಹೇಳಿ,” ಎಂದಳು.

“ಮೆಟ್ಟಿಲ ಕೆಳಗೊಂದು ಕೋಣೆ,” ಎಂದರು ಶಾಲೆಯ ಟೀಚರು. “ಹಳೇ ಪೇಪರ್ ವಾಸನೆ.”

ಅವಳ ಪೆನ್ನು ನಿಂತಿತು. “ಆಮೇಲೆ?”

“ಹಸಿರು ಬಾಗಿಲು, ಚಿಲಕ ಹೊರಗಡೆ,” ಎಂದಳು ಬ್ಯಾಂಕಿನಾಕೆ, ತನ್ನ ಸರದಿಗೂ ಕಾಯದೆ.

“ಒಳಗಿಂದ ಯಾರೋ ತಟ್ತಿದಾರೆ,” ಎಂದಳು ಕಾಲೇಜು ಹುಡುಗಿ. “ಮೆಟ್ಟಿಲ ಮೇಲೆ ಒಂದು ಮಗು ಕೂತಿದೆ. ತೆಗೀತಾನೇ ಇಲ್ಲ.”

ಆ ಮಗು, ಪೆನ್ನು ಹಿಡಿದು ಕೂತಿದ್ದ ಅವಳೇ. ಒಂಬತ್ತು ವರ್ಷದವಳಿದ್ದಾಗ, ಅಕ್ಕ ನರ್ಸಿಂಗ್ ಪರೀಕ್ಷೆ ಪಾಸಾದರೆ ಹಾಸ್ಟೆಲಿಗೆ ಹೋಗಿಬಿಡುತ್ತಾಳೆಂದು ಹೆದರಿ, ಪರೀಕ್ಷೆಯ ದಿನ ಅಕ್ಕ ಆ ಕೋಣೆಯೊಳಗೆ ಹೋದಾಗ ಚಿಲಕ ಹಾಕಿ ಮಧ್ಯಾಹ್ನದವರೆಗೂ ಕೂತಿದ್ದಳು. ಮನೆಯವರೆಲ್ಲ ತಾನಾಗೇ ಬಿತ್ತೆಂದು ತುಕ್ಕು ಹಿಡಿದ ಚಿಲಕವನ್ನು ಬೈದು ಸುಮ್ಮನಾದರು. ಅಕ್ಕ ಅದೇ ಮನೆಯಲ್ಲಿ ಬಟ್ಟೆ ಹೊಲಿದುಕೊಂಡು ಉಳಿದಳು. ಇವಳು ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ.

ಅಲ್ಲಿಯವರೆಗೂ ತುಟಿ ಬಿಚ್ಚದ ಬಸ್ ಕಂಡಕ್ಟರ್ ಹೆಂಗಸು ಈಗ ತಲೆ ಎತ್ತಿದಳು. “ಒಳಗಿರೋದು ಹುಡುಗಿ ಅಲ್ಲ ಮೇಡಂ. ವಯಸ್ಸಾದೋರು. ದನಿ ಸೋತುಹೋಗಿದೆ. ಯಾರಾದ್ರೂ ಹೋಗಿ ಬೇಗ ತೆಗೀರಿ.”

ಅವಳು ಪೆನ್ನು ಬಿಟ್ಟು ಎದ್ದೇಬಿಟ್ಟಳು. ಅಕ್ಕನಿಗೆ ಫೋನ್ ಮಾಡಿದರೆ ರಿಂಗಾಗಿ ರಿಂಗಾಗಿ ನಿಂತುಹೋಯಿತು. ಮ್ಯಾನೇಜರ್ ಓಡಿಬಂದು, “ಇನ್ನೂ ಅರ್ಧ ಗಂಟೆ ಇದೆಯಲ್ಲ!” ಎಂದ.

“ನೀವೇ ಕೇಳ್ಕೊಳ್ಳಿ,” ಎಂದವಳೇ ಟ್ಯಾಕ್ಸಿ ಹತ್ತಿದಳು.

ಹೊಲಿಸಲು ಬರುವವರಿಗಾಗಿ ಅಕ್ಕನ ಮನೆಯ ಮುಂಬಾಗಿಲು ಎಂದಿನಂತೆ ತೆರೆದೇ ಇತ್ತು. ಮೆಟ್ಟಿಲ ಕೆಳಗಿನ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ತೆಗೆದಳು. ಅಕ್ಕ ಪೇಪರಿನ ಕಟ್ಟಿಗೆ ಒರಗಿ ಕೂತಿದ್ದಳು. ತಟ್ಟಿ ತಟ್ಟಿ ಗೆಣ್ಣುಗಳ ಚರ್ಮ ಕಿತ್ತುಬಂದಿತ್ತು.

ನೀರು ಕುಡಿದ ಮೇಲೆ ಅಕ್ಕ ಹೇಳಿದಳು: “ಬೆಳಗ್ಗೆ ತುಂಡುಬಟ್ಟೆ ಹುಡುಕೋಕೆ ಒಳಗೆ ಹೋದೆ. ಬಾಗಿಲು ಹಾಕ್ಕೊಳ್ತು.”

“ಬಾಗಿಲು ಸರಿ, ಗಾಳಿ ತಳ್ಳಿರಬಹುದು. ಚಿಲಕ?”

“ಹೊರಗೆ ಯಾರೋ ಕೂತಿದ್ರು. ಉಸಿರಾಡೋದು ಕೇಳ್ತಿತ್ತು.”

“ಅಕ್ಕಾ, ಆ ಪರೀಕ್ಷೆ ದಿನ ಚಿಲಕ ಹಾಕಿದ್ದು... ನಾನು.”

“ಗೊತ್ತು. ನಿನಗೆ ನೆಗಡಿ ಆಗಿತ್ತು. ಮೂಗು ಸೊರಸೊರ ಅಂತಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ. ಆಮೇಲೆ ಕಾಯೋದೂ ಬಿಟ್ಟೆ.” ಅಕ್ಕ ಅವಳ ಮೊಣಕೈ ಹಿಡಿದುಕೊಂಡಳು. “ಇವತ್ತೂ ಬಾಗಿಲಾಚೆ ಅದೇ ಸೊರಸೊರ ಕೇಳ್ತು ಕಣೇ.”

ಕ್ಷಮಿಸಿದೆ ಎಂದು ಅಕ್ಕ ಹೇಳಲಿಲ್ಲ. ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ತಂದು ಅವಳ ಕೈಗಿಟ್ಟಳು. ಚಿಲಕ ಬಿಚ್ಚಲೆಂದು ಅವಳು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಬಿಸಿಲೆಂಬುದೇ ಬೀಳದ ಆ ಮೂಲೆಯಲ್ಲಿ, ಈಗಷ್ಟೇ ಯಾರೋ ಎದ್ದುಹೋದಂತೆ ಕಲ್ಲು ಬೆಚ್ಚಗಿತ್ತು.

ಅವಳು ತಟ್ಟನೆ ಎದ್ದು, ನಾಲ್ಕೂ ಸ್ಕ್ರೂಗಳನ್ನು ನಿಂತುಕೊಂಡೇ ಬಿಚ್ಚಿದಳು.