ಪೈಲ್ವಾನರ ನಾಷ್ಟಾ

"ಎಷ್ಟು ಮೈ ಬಂದದ ನೋಡ್ರಿ ಇಕೀಗೆ" ಎಂದು ಗಂಡ ಬಂದೇಅಲಿ ನೆಂಟರ ಮುಂದೆ ನಕ್ಕಾಗಲೇ ಶಹರಬಾನುವಿನ ಮೈಯೆಲ್ಲ ಉರಿದಿತ್ತು. ಮರುದಿನ ಅವನು ಶಹಾಬಾದದ ಬಜಾರಿನಿಂದ ಓಣಿಗೇ ಮೊದಲನೆಯ ಮಿಕ್ಸಿ ತಂದು, ಅವಳ ಬೆಳಗಿನ ರೊಟ್ಟಿ ಬಂದ್ ಮಾಡಿಸಿದ. ಹಾಲು, ಬಾಳೆಹಣ್ಣು, ಖಜೂರ, ಬದಾಮಿ, ಮೇಲಿಷ್ಟು ಸಕ್ಕರೆ ಹಾಕಿ ತಿರುವಿ ಕುಡಿದರೆ ಮೈ ಇಳಿಯುತ್ತದಂತೆ. ಬೊಂಬಾಯಿಯ ಗೆಳೆಯ ಹೇಳಿದ್ದನಂತೆ.

ಅವಳು ಹಲ್ಲು ಕಚ್ಚಿ ಕುಡಿದಳು. ತಿಂಗಳು ಕಳೆಯುವುದರೊಳಗೆ ಕುಪ್ಪಸದ ತೋಳು ಬಿಗಿಯಾದವು.

ಬಂದೇಅಲಿ ಹರಿಹಾಯ್ದ. "ಕದ್ದು ರೊಟ್ಟಿ ತಿನ್ನಾಕತ್ತೀ ಏನು?"

ಶಹರಬಾನು ಲೋಟವನ್ನು ಕಟ್ಟೆಗೆ ಕುಕ್ಕಿದಳು. "ಒಂದು ತುತ್ತು ರೊಟ್ಟಿ ಮುಟ್ಟಿದ್ರ ಕೇಳ್ರಿ! ನಮ್ಮ ಅಬ್ಬಾ ಚಿತ್ತಾಪುರದಾಗ ಪೈಲ್ವಾನ್ ಇದ್ರು. ಕುಸ್ತಿಗೆ ಮೈ ಬರಲಿ ಅಂತ ದಿನಾ ಮುಂಜಾನೆ ಇದನ್ನೇ ಕುಡೀತಿದ್ರು. ಮೊದಲನೇ ದಿನಾನೇ ಹೇಳಿದ್ರ, 'ಹೆಂಗಸಿಗೇನು ತಿಳೀತದ' ಅಂದ್ರಿ!"

ಬಂದೇಅಲಿ ಮೆಲ್ಲಗೆ ಬಾಗಿಲ ಕಡೆ ಸರಿದ. ಅವಳು ಸೆರಗು ಬಿಗಿದು ಕಟ್ಟಿ ಅಡ್ಡ ನಿಂತಳು.

"ಎಲ್ಲಿ ಹೊಂಟ್ರಿ? ತಿಂಗಳತನಕ ಪೈಲ್ವಾನರ ಖುರಾಕು ಕುಡಿಸೀರಿ. ಅಂಗಳಕ್ಕ ಬರ್ರಿ, ಕುಸ್ತಿನೂ ಹಿಡದು ಹೋಗ್ರಿ!"