ಎಳ್ಳಮಾಸಿಗೊಂದು ನೆರಳು

ಮಹಾನಂದಾಳ ಬೇವಿನ ಗಿಡ ನೋಡಿದ್ರ ನನಗ ಹೊಟ್ಟಿ ಉರೀತದ. ಮುಚ್ಚಿಟ್ಟು ಏನ್ ಮಾಡ್ಲಿ? ಇಬ್ಬರೂ ಒಂದೇ ದಿನ ಹಚ್ಚಿದ ಗಿಡ. ನನ್ನವು ಇನ್ನೂ ನನ್ನ ಟೊಂಕಕ್ಕ ಬರ್ತಾವ, ಆಕೀವು ಆಕಿ ಮನಿಗಿಂತ ಎತ್ತರ ಆಗ್ಯಾವ.

ನಮ್ಮೂರು ಭೂಸನೂರ ಹತ್ರ. ಊರ ಹಿಂದ ಗಾಯರಾಣ ದಿಬ್ಬ ಅದ, ದನ ಮೇಯೋ ಸರಕಾರಿ ಜಮೀನು. ಮೊದಲು ಅಲ್ಲಿ ಅಡವಿ ಇತ್ತಂತ ನಮ್ಮತ್ತಿ ಹೇಳ್ತಿದ್ಳು. ನಾ ಮದಿವ್ಯಾಗಿ ಬರೋದ್ರಾಗ ಬರೇ ಕಲ್ಲು ಉಳದಿತ್ತು. ಕೆಲವು ವರ್ಷದ ಕೆಳಗ ಒಂದು ಸಂಸ್ಥೆಯವರು ಬಂದು, ಹೊಲ ಇಲ್ಲದ ಹೆಣ್ಮಕ್ಕಳಿಗಿ ದಿಬ್ಬದಾಗ ಒಂದೊಂದು ಪಟ್ಟಿ ಹಂಚಿದ್ರು. ಬೇವು, ಹುಣಸಿ, ಸೀತಾಫಳ ಹಚ್ರಿ, ಜ್ವಾಪಾನ ಮಾಡ್ರಿ, ಹಣ್ಣೂ ಮೇವೂ ನಿಮ್ಮವೇ ಅಂದ್ರು. ಚೀಟಿ ಎತ್ತಿದ್ವಿ. ನನಗ ಬಂದದ್ದು ದಿಬ್ಬದ ನೆತ್ತಿ, ಬರೇ ಮೊರಂ ಕಲ್ಲಿನ ನೆಲ. ಮಹಾನಂದಾಗ ಅದರ ಕೆಳಗಿನ ಪಟ್ಟಿ. ನೋಡ್ರಿ ಆಕಿ ನಸೀಬ!

ಆಕಿ ನಮ್ಮ ಮಗ್ಗಲ ಮನಿಯಾಕಿ. ಗಂಡ ತೀರಿಕೊಂಡಾನ, ಮಕ್ಕಳು ಮರಿ ಇಲ್ಲ. ಹೊತ್ತು ಹುಟ್ಟಿದ್ರ ಗಿಡದ ಬುಡಕ್ಕೇ ಇರ್ತಾಳ. ‘ಆಕಿಗೇನ್ರೀ, ರೊಟ್ಟಿ ಬೇಡೋರಿಲ್ಲ, ಅರಿವಿ ಒಗ್ಯಾಣ ಹಾಕೋರಿಲ್ಲ’ ಅಂತ ನಾ ಕಂಡವರ ಮುಂದೆಲ್ಲ ಅಂತಿದ್ದೆ. ಹೋದ ವರ್ಷ ಆಕಿ ಸೀತಾಫಳದ ಬುಟ್ಟಿ ಹೊತ್ಕೊಂಡು ಆಳಂದ ಬಜಾರಕ್ಕ ಹೋಗಿ ಮಾರಿ ಬಂದ್ಳು. ಕಬ್ಬು ಕಡಿಯೋ ಕೂಲಿಗಿ ಹೋಗೋದೇ ಬಿಟ್ಟಳು. ಮಾರೋದಕ್ಕಿಂತ ಮೊದಲು ನನಗೂ ಒಂದಿಷ್ಟು ಹಣ್ಣು ತಂದು ಕೊಟ್ಟಿದ್ಳು. ತಿಂದೆ, ಭಾಳ ಸಿಹಿ ಇದ್ವು. ಅದಕ್ಕ ಇನ್ನೂ ಸಿಟ್ಟು ಬಂತು.

ಇದೆಲ್ಲ ಹೋಗ್ಲಿ ಬಿಡ್ರಿ, ನನಗ ಚಿಂತಿ ಇದ್ದದ್ದು ಎಳ್ಳಮಾಸೀದು. ಅವತ್ತು ನಮ್ಮ ಕಡಿ ಮಂದಿ ಅಡಗಿ ಕಟ್ಕೊಂಡು ಹೊಲಕ್ಕ ಹೋಗ್ತಾರ. ಭೂಮಿತಾಯಿಗಿ ಎಡಿ ಹಿಡದು, ಹೊಲದ ತುಂಬ ಅಡಗಿಯ ಚರಗ ಚೆಲ್ಲಿ, ಗಿಡದ ನೆರಳಾಗ ಕುಂತು, ಬೀಗರನ್ನ ಕರ್ದು ಉಣಸ್ತಾರ. ಹೊಲ ಇಲ್ಲದ ನಾವು ಜೀವಮಾನ ಎಲ್ಲ ಮಂದಿ ಹೊಲದಾಗ, ಮಂದಿ ನೆರಳಾಗ ಉಂಡವರು. ಈ ವರ್ಷ ನನ್ನ ಮಗಳು ಭಾಗ್ಯಾ ಅಫಜಲಪುರದಿಂದ ಚೊಚ್ಚಲ ಕೂಸು ಎತ್ಕೊಂಡು ಬರಾಕಿ ಇದ್ಳು, ಜೋಡಿ ಬೀಗತಿನೂ. ‘ಈ ಸಲ ಊಟ ನನ್ನ ಪಟ್ಟ್ಯಾಗೇ. ಮಂದಿ ಮುಂದ ಕೈ ಒಡ್ಡೋದು ಸಾಕಾಗ್ಯಾದ’ ಅಂತ ಗಂಡ ಸೈದಪ್ಪಗ ಹೇಳಿಬಿಟ್ಟೆ.

ಹಬ್ಬದ ಹಿಂದಿನ ದಿನ ಸಂಸ್ಥೆಯ ಪಲ್ಲವಿ ಗಿಡ ನೋಡಾಕ ಬಂದಿದ್ಳು. ‘ಯವ್ವಾ, ಆಕಿ ಗಿಡ ಅಷ್ಟು ಯಾಕ ಬೆಳೀತಾವ?’ ಅಂತ ಕೇಳ್ದೆ.

‘ನಿಮ್ಮ ಪುಣ್ಯಾನೇರಿ ಅದು’ ಅಂದು ನಕ್ಕಳು. ‘ನೀವು ಮ್ಯಾಲ ಕಂದಕ ತೋಡೀರಲ್ಲ, ಮಳಿನೀರು ಅದರಾಗ ನಿಂತು ಇಂಗಿ ಕೆಳಗಿನ ಪಟ್ಟಿಗಿ ಇಳೀತದ. ನಿಮ್ಮವೂ ಬರ್ತಾವ, ಜರಾ ತಡ ಆಗ್ತದ.’

ಅಯ್ಯ ಶಿವನೇ! ರಟ್ಟಿ ಮುರದು ತೋಡಿದಾಕಿ ನಾನು, ನೀರು ಕುಡದದ್ದು ಆಕಿ ಬೇವು!

ಎಳ್ಳಮಾಸಿ ದಿನ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾದ ಹೋಳಿಗಿ ಬುಟ್ಟ್ಯಾಗ ಇಟ್ಕೊಂಡು ದಿಬ್ಬ ಏರಿದ್ವಿ. ಚರಗ ಚೆಲ್ಲಿ ಜಮಖಾನಿ ಹಾಸಿದೆ. ಬಿಸಲು ನೆತ್ತಿ ಮ್ಯಾಲೇ ಇತ್ತು. ಕೂಸು ಕಿಟಾರಂತ ಚೀರಾಕತ್ತಿತು. ಬೀಗತಿ ಸೆರಗು ಮುಂದ ಎಳ್ಕೊಂಡು, ‘ಕೂಸು ಬಾಡಾಕತ್ತದರಿ ಬೀಗತಿ. ಕೆಳಗ ತಂಪು ಅದಲ್ಲ, ಅಲ್ಲೇ ಕೂಡೋಣ ನಡೀರಿ’ ಅಂದ್ಳು. ಭಾಗ್ಯಾ ಎದ್ದೇಬಿಟ್ಳು. ಸೈದಪ್ಪ ಅಂತೂ ನನ್ನ ಮಾರಿ ಸೈತ ನೋಡ್ಲಿಲ್ಲ, ಜಮಖಾನಿ ಸುತ್ತಿ ಬಗಲಾಗ ಇಟ್ಕೊಂಡು ಹೊಂಟ. ಎಲ್ಲಾರೂ ಹೋಗಿ ಕುಂತದ್ದು ಮಹಾನಂದಾಳ ಬೇವಿನ ಬುಡಕ್ಕ.

‘ನಾ ಬರಂಗಿಲ್ಲ’ ಅಂದೆ.

‘ಹುಚ್ಚಿ ಆಗಬ್ಯಾಡ, ಬಾ ಬೇ’ ಅಂತ ಸೈದಪ್ಪ ಕೆಳಗಿಂದ ಒದರಿದ.

ಸಲಿಕಿ ಅಲ್ಲೇ ಬಿದ್ದಿತ್ತು. ಕಂದಕದ ದಂಡಿ ಮಣ್ಣು ಎಳದೆಳದು ಒಳಗ ಹಾಕಾಕತ್ತಿದೆ. ಒಣಗಲಿ, ಆಕಿ ಗಿಡ ಒಣಗಿ ಕಟ್ಟಿಗಿ ಆಗ್ಲಿ ಅಂತ ಬೈಕೋತ ಹಾಕಿದೆ. ಅಷ್ಟರಾಗ ಮಹಾನಂದಾ ಮ್ಯಾಲ ಬಂದ್ಳು.

‘ಏನ್ ಮಾಡಾಕತ್ತೀಯಕ್ಕಾ?’

‘ನನ್ನ ಕಂದಕ ನಾ ಮುಚ್ಚತೇನಿ. ನಿನ್ನ ಗಿಡ ನನ್ನ ನೀರು ಕುಡದು ಬೆಳದಾವ. ಸಾಲಲಿಲ್ಲೇನು? ಈಗ ನನ್ನ ಮಗಳು, ಬೀಗತಿ, ಮೊಮ್ಮಗ, ಎಲ್ಲಾರನ್ನೂ ಎಳ್ಕೊಂಡ್ಯಲ್ಲ ಬೇ!’

ಆಕಿ ಜಗಳಕ್ಕ ಬರ್ತಾಳ ಅಂತ ಮಾಡಿದ್ದೆ. ಕಂದಕದ ದಂಡಿಗಿ ಕುಂತಳು. ‘ನೀರು ನಿಂದಂತ ನನಗ ಗೊತ್ತದ. ಅದಕ್ಕೇ ಮೊದಲ ಹಣ್ಣು ನಿನಗ ತಂದು ಕೊಟ್ಟಿದ್ದೆ’ ಅಂದ್ಳು. ‘ಮುಚ್ಚೋದಿದ್ರ ಮುಚ್ಚು. ನಾನೂ ನಸಿಕಿನ್ಯಾಗ ಎದ್ದು ಎಲ್ಲಾ ಅಡಗಿ ಮಾಡ್ಕೊಂಡು ಬಂದೇನಿ, ಉಣ್ಣೋರು ಯಾರದಾರ? ಒಬ್ಬಾಕೇ ಕುಂತಿದ್ದೆ. ಮ್ಯಾಲ ನಿನ್ನ ಕೂಸು ಅಳೋದು ಕೇಳಿ ನನ್ನ ಹೊಟ್ಟಿ ಉರೀತು. ನೆರಳು ನಂದು, ಖರೇ. ಅದರಾಗ ಕುಂತವರೆಲ್ಲ ನಿನ್ನ ಮಂದಿನೇ ಅಲ್ಲೇನು?’

ನನ್ನ ಕೈ ನಿಂತು ಹೋತು. ಈಕಿಗೂ ಹೊಟ್ಟಿಕಿಚ್ಚು! ಅದೂ ನನ್ನ ಮ್ಯಾಲ! ಖರೇ ಹೇಳ್ತೇನಿ, ಮೊದಲು ಖುಷೀನೇ ಆತು. ಆಮ್ಯಾಲ ಆಕಿ ಮಾರಿ ನೋಡಿದೆ, ಖುಷಿ ಉಳೀಲಿಲ್ಲ. ಸಲಿಕಿ ಬಿಟ್ಟು, ಬುಟ್ಟಿ ಹೊತ್ಕೊಂಡು ಆಕಿ ಹಿಂದ ಕೆಳಗ ಇಳದೆ.

ಎಲ್ಲಾರಿಗೂ ನಾನೇ ನೀಡಿದೆ. ಆಕಿ ಭಜ್ಜಿ ನಮ್ಮ ರೊಟ್ಟಿ ಮ್ಯಾಲ, ನನ್ನ ಹೋಳಿಗಿ ಆಕಿ ತಾಟಿನ್ಯಾಗ. ಅಷ್ಟರಾಗ ಭಾಗ್ಯಾ ಉಣ್ಣಾಕ ಅಂತ ಕೂಸನ್ನ ಮಹಾನಂದಾಳ ತೊಡಿ ಮ್ಯಾಲ ಹಾಕಿದ್ಳು. ನನ್ನ ಹತ್ರ ಒಂದ್ ಗಳಿಗಿ ಸುಮ್ಮ ಇರದ ಹುಡುಗ, ಆಕಿ ಬೆರಳು ಹಿಡ್ಕೊಂಡು ನಿದ್ದಿ ಹೊಡೀತು. ಆಕಿ ಉಣ್ಣೋದೂ ಬಿಟ್ಟು ಅದನ್ನೇ ನೋಡ್ಕೋತ ಕುಂತಿದ್ಳು.

ನನಗ ಮತ್ತ ಹೊಟ್ಟಿ ಉರೀತು. ‘ಇಲ್ಲಿ ಕೊಡು ನನ್ನ ಮೊಮ್ಮಗನ್ನ’ ಅನ್ನೋ ಮಾತು ನಾಲಿಗಿ ತುದಿಗಿ ಬಂದಿತ್ತು. ಹೊತ್ತು ಇಳಿಯೋತನಕ ನಾ ಕೂಸನ್ನ ವಾಪಸ್ ಕೇಳ್ಲಿಲ್ಲ.